ಅಮ್ಮನ ಕಾರಿನ ಮೇಲಿನ ಸಿಮೆಂಟು

ಫೆಬ್ರವರಿ 9

ಅಮ್ಮಾ,

ಫೋನು ಮಾಡಬೇಡ, ಬರೆ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಕೇಳಿಸಿಕೊಳ್ಳಲು ಯಾರೂ ಉಳಿಯುವುದಿಲ್ಲ. ಪತ್ರದಲ್ಲಾದರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಲೇಬೇಕು.

ವಿಷಯ ಇಷ್ಟೇ: ಕಾರಿನ ಮೇಲಿನ ಸಿಮೆಂಟನ್ನು ತೆಗೆಯಬೇಡ. ಒಂದು ಹನಿಯನ್ನೂ.

ಅವತ್ತು ಏನಾಯಿತೆಂದು ನಿನಗೆ ಹೇಳಲಾಗಲಿಲ್ಲ. ನೀನು ಹಾಸಿಗೆ ತಂದುಕೊಟ್ಟು, ಸೈಟಿನ ಗೇಟಿನಲ್ಲಿ ನಿಂತು "ಮನೆಗೆ ಬಾ" ಎನ್ನುತ್ತಿದ್ದೆ, ನಾನು "ಬರಲ್ಲ" ಎನ್ನುತ್ತಿದ್ದೆ. ಅದೇ ಹೊತ್ತಿಗೆ ಕಟ್ಟಡದ ಆಚೆ ಬದಿಯಲ್ಲಿ, ನೀನು ಕಾರು ನಿಲ್ಲಿಸಿದ್ದ ಕಡೆ, ನಮ್ಮ ಪಂಪಿನವನು ಪೈಪು ತೊಳೆಯುತ್ತಿದ್ದ. ಅವನನ್ನು ನಾವೆಲ್ಲ ಚೆಂಡು ಮಾಮ ಎಂದು ಕರೆಯುತ್ತೇವೆ. ದಿನದ ಕಾಂಕ್ರೀಟು ಮೇಲಕ್ಕೇರಿಸಿದ ಮೇಲೆ ಪೈಪಿನಲ್ಲಿ ಉಳಿದದ್ದು ಅಲ್ಲೇ ಗಟ್ಟಿಯಾಗಬಾರದಲ್ಲ. ಅದಕ್ಕೆ ಒಂದು ತುದಿಯಲ್ಲಿ ಸ್ಪಂಜಿನ ಚೆಂಡು ತುರುಕಿ ಹಿಂದಿನಿಂದ ಗಾಳಿ ಒತ್ತುತ್ತಾರೆ. ಚೆಂಡು ಉಳಿದ ರಾಡಿಯನ್ನೆಲ್ಲ ನೂಕಿಕೊಂಡು ಇನ್ನೊಂದು ತುದಿಯಿಂದ ಹೊರಗೆ ಹಾರುತ್ತದೆ. ಆ ತುದಿಯ ಬಾಯಿ ಆಕಾಶ ನೋಡುತ್ತಿರುತ್ತದೆ, ಅದಕ್ಕೊಂದು ಕಬ್ಬಿಣದ ಬುಟ್ಟಿ ಕವುಚಿ ಕಟ್ಟಿರಬೇಕು. ನಮ್ಮ ಬುಟ್ಟಿ ಮುರಿದು ಎಷ್ಟೋ ಕಾಲವಾಯಿತು. ಕೇಳಿದಾಗಲೆಲ್ಲ "ಬರುತ್ತೆ, ಬರುತ್ತೆ" ಎನ್ನುತ್ತಾರೆ. ಅವತ್ತು ರಾಡಿ ಕಾರಂಜಿಯ ಹಾಗೆ ಚಿಮ್ಮಿ ನಿನ್ನ ಕಾರಿನ ಮೇಲೆ ಸುರಿಯಿತು.

ಈಗ ಕಂಪನಿ ಹೇಳುವುದೇನು ಗೊತ್ತೆ? ಮಾಮ ಬೇಜವಾಬ್ದಾರಿಯಿಂದ ಪೈಪಿನ ಬಾಯನ್ನು ರಸ್ತೆಯತ್ತ ತಿರುಗಿಸಿದನಂತೆ. ಅವನನ್ನು ಪಂಪಿನಿಂದ ಇಳಿಸಿ ಕಸ ಗುಡಿಸಲು ಹಾಕಿದ್ದಾರೆ. ವಿಚಾರಣೆಯ ಶಾಸ್ತ್ರ ಮುಗಿದರೆ ಮನೆಗೇ ಕಳಿಸುತ್ತಾರೆ. ಆದರೆ ಅವನು ತಿರುಗಿಸಿದ್ದರೆ ರಾಡಿ ನಿನ್ನ ಕಾರಿನ ಬಾಗಿಲುಗಳಿಗೆ ರಾಚಬೇಕಿತ್ತು. ಬಾಗಿಲುಗಳ ಮೇಲೆ ಒಂದು ಚುಕ್ಕೆಯೂ ಇಲ್ಲ. ಬಿದ್ದಿರುವುದೆಲ್ಲ ಛಾವಣಿ, ಬಾನೆಟ್, ಡಿಕ್ಕಿಯ ಮೇಲೆ, ಅಂದರೆ ನೇರ ಮೇಲಿನಿಂದ. ಬುಟ್ಟಿ ಇರಲಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇದೇ ರಾಡಿ ಹಿಂದೆ ಕಂಬಿ ಕಟ್ಟುವವನೊಬ್ಬನ ಕಣ್ಣಿಗೆ ಬಿದ್ದಿತ್ತು. ಆಗ ಯಾರೂ ಬರಲಿಲ್ಲ. ಕಾರಿನ ಮೇಲೆ ಬಿದ್ದ ಮಾರನೆಯ ದಿನವೇ ಟೈ ಕಟ್ಟಿದ ಇಬ್ಬರು ಬಂದು ನೆಲ ಅಳೆದರು. ನನ್ನ ಬಳಿ ಒಂದು ಕಿರುಹೊತ್ತಿಗೆಯಿದೆ. ಆಸ್ತಿಗೆ ಗಾಯವಾದಾಗ ಮಾತ್ರ ಒಡೆಯರಿಗೆ ನೋವಾಗುತ್ತದೆ ಎಂದು ಅದರಲ್ಲಿ ಬರೆದಿದೆ. ಹಾಗಾದರೆ ಆ ಗಾಯ ಇರುವಂತೆಯೇ ಇರಲಿ.

ಹೋರಾಟದ ವಂದನೆಗಳೊಂದಿಗೆ,
ನಿನ್ನ ಮಗಳು


ಫೆಬ್ರವರಿ 16

ಮಗಳೇ,

ಹೋರಾಟದ ವಂದನೆಗಳನ್ನು ನೀನೇ ಇಟ್ಟುಕೋ. ನಾನು ನಿನ್ನ ಅಮ್ಮ, ಮೆರವಣಿಗೆಯಲ್ಲ.

ಮೊದಲು ಒಂದು ಮಾತು ತಿಳಿದುಕೋ. ಆ ಕಾರು ಆಸ್ತಿಯಲ್ಲ. ಅದು ನನ್ನ ಶಾಲೆ, ನನ್ನ ಕರಿಹಲಗೆ, ನನ್ನ ಊಟ. ಪಕ್ಕದ ಸೀಟಿನಲ್ಲಿ ನಾನಿದ್ದೇನೆ, ನನ್ನ ಕಾಲಡಿ ಇನ್ನೊಂದು ಬ್ರೇಕಿದೆ ಎಂಬ ಧೈರ್ಯದ ಮೇಲೆ ಜನ ಬಂದು ಸ್ಟಿಯರಿಂಗು ಹಿಡಿಯುತ್ತಾರೆ. ಆ ಧೈರ್ಯ ಹುಟ್ಟುವುದು ಕಾರು ನೋಡಿ. ಮೊನ್ನೆ ಒಬ್ಬಳು ಸೇರಲು ಬಂದವಳು ಕಾರನ್ನು ಒಂದು ಸುತ್ತು ಹಾಕಿದಳು.

"ಏನ್ ಮೇಡಂ ಇದು?"

"ಸಿಮೆಂಟು ಕಣಮ್ಮ."

"ಸಿಮೆಂಟ್ ಲಾರಿಗೆ ಗುದ್ದಿದ್ರಾ?"

ಮಾರನೆಯ ದಿನ ಅವಳು ಬರಲಿಲ್ಲ. ಆಚೆ ಬೀದಿಯ ಡ್ರೈವಿಂಗ್ ಶಾಲೆಯ ಬಿಳಿ ಕಾರಿನಲ್ಲಿ ನನ್ನೆದುರೇ ಹಾದುಹೋದಳು. ಇಂಡಿಕೇಟರ್ ಹಾಕದೆ ತಿರುಗಿದಳು, ಅದು ಬೇರೆ ಮಾತು.

ಗ್ಯಾರೇಜಿನವನಿಗೆ ತೋರಿಸಿದೆ. "ಅಕ್ಕಾ, ಹಸಿ ಇದ್ದಾಗಲೇ ನೀರು ಬಿಟ್ಟಿದ್ರೆ ಹರಿದು ಹೋಗ್ತಿತ್ತು. ಈಗಲೂ ಪರವಾಗಿಲ್ಲ, ನೆನೆಸಿ ತೆಗೀಬಹುದು. ಆದ್ರೆ ಇದು ಸುಮ್ನೆ ಕೂತಿರೋ ವಸ್ತು ಅಲ್ಲ. ಸುಣ್ಣ ಇರುತ್ತಲ್ಲ, ಒಳಗೊಳಗೇ ಬಣ್ಣ ತಿನ್ನುತ್ತೆ. ಬೇಸಿಗೆ ದಾಟಿತು ಅಂದ್ರೆ ಸಿಮೆಂಟು ಹೋದ್ರೂ ಗುರುತು ಹೋಗಲ್ಲ" ಎಂದ.

ಕಿರುಹೊತ್ತಿಗೆಯಲ್ಲಿ ಇದರ ಬಗ್ಗೆ ಏನಾದರೂ ಬರೆದಿದೆಯೇ ನೋಡು.

ವಿಚಾರಣೆ ಯಾವಾಗ? ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡು ಇರುತ್ತೇನೆ. ಆ ಪಂಪಿನವನ ಮುಖ ನನಗೆ ನೆನಪಿದೆ. ಚೆಂಡು ಕೈಯಲ್ಲಿ ಹಿಡಿದು ನನ್ನ ಕಾರಿನ ಮುಂದೆ ನಿಂತಿದ್ದ, ಮನೆಯ ಗಾಜು ಒಡೆದವನ ಹಾಗೆ.

ಹಾಸಿಗೆ ಸರಿಯಿದೆಯೇ ಎಂದು ಬರೆಯಲು ನಿನಗೆ ಜಾಗ ಸಾಲಲಿಲ್ಲವೆಂದು ಕಾಣುತ್ತದೆ.

ನಿನ್ನ ಅಮ್ಮ


ಮಾರ್ಚ್ 4

ಅಮ್ಮಾ,

ಹಾಸಿಗೆ ಸರಿಯಿದೆ.

ವಿಚಾರಣೆ ಮುಂದಕ್ಕೆ ಹೋಯಿತು. ವಿಚಾರಣೆ ಮಾಡಬೇಕಾದ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಬೇರೆ ಸಭೆಯಿತ್ತಂತೆ. ಏಪ್ರಿಲ್ ಮೊದಲ ವಾರ ಎಂದಿದ್ದಾರೆ.

ಫೋಟೋ ಕೊಟ್ಟರೆ ಸಾಲದೇ ಎಂದು ನೀನು ಕೇಳುತ್ತೀಯ, ನನಗೆ ಗೊತ್ತು. ಕೊಟ್ಟೆವು. ಕಂಪನಿಯ ಉತ್ತರವನ್ನು ಇದ್ದಂತೆಯೇ ಬರೆಯುತ್ತೇನೆ: "ಚಿತ್ರದಲ್ಲಿ ಕಾಣುವುದು ಹಕ್ಕಿಗಳ ಹಿಕ್ಕೆಯಾಗಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು." ಅಲ್ಲಗಳೆಯಲಾಗದು! ಯಾವ ಹಕ್ಕಿ ಅಮ್ಮಾ, ಜಲ್ಲಿಕಲ್ಲು ತಿನ್ನುವ ಹಕ್ಕಿಯೇ? ನಾನು ಶೆಡ್ಡಿನಲ್ಲಿ ಮಾಡುವ ಕೆಲಸ ನಿನಗೆ ಗೊತ್ತಲ್ಲ. ಆಯಾ ದಿನದ ಕಾಂಕ್ರೀಟನ್ನು ಅಚ್ಚಿನಲ್ಲಿ ತುಂಬಿ, ಗಟ್ಟಿಯಾದ ಮೇಲೆ ನೀರಿನ ತೊಟ್ಟಿಯಲ್ಲಿಟ್ಟು, ಕೊನೆಗೆ ಯಂತ್ರದಡಿ ಇಟ್ಟು ಒಡೆಯುವವರೆಗೆ ಒತ್ತುವುದು. ಅವತ್ತು ಅಂಥ ಒಂದು ಕಾಂಕ್ರೀಟು ಗಟ್ಟಿಯ ಮೇಲೆ ಆ ಪತ್ರ ಬರೆದವನ ಹೆಸರು ಬರೆದು ಒತ್ತಿದೆ. ದರಿದ್ರದ್ದು, ಎಲ್ಲಕ್ಕಿಂತ ಚೆನ್ನಾಗಿ ತಡೆದುಕೊಂಡಿತು.

ಆದ್ದರಿಂದ ಅಧಿಕಾರಿ ತನ್ನ ಕಣ್ಣಿನಿಂದಲೇ ನೋಡಬೇಕು, ತನ್ನ ಕೈಯಿಂದಲೇ ಕಾರಿನಿಂದ ಕೆರೆದು ತೆಗೆಯಬೇಕು.

ನಿನ್ನ ಕಷ್ಟವನ್ನು ಮಾಮನಿಗೆ ಹೇಳಿದೆ. "ಅಯ್ಯೋ, ನಿಮ್ಮಮ್ಮ ತೊಳೆಸ್ಕೊಳ್ಳಲಿ ಬಿಡು ತಾಯಿ. ಅವರ ಹೊಟ್ಟೆಪಾಡಲ್ವಾ ಅದು. ನಂದು ಹೇಗೋ ಆಗುತ್ತೆ" ಎಂದ. ನನಗೆ ಮೈಯೆಲ್ಲ ಉರಿಯಿತು. "ಹೇಗೋ ಆಗುತ್ತೆ ಅಂತ ನೀವೇ ಕೂತ್ರೆ, ಹೇಗೆ ಆಗ್ಬೇಕು ಅಂತ ಅವರು ತೀರ್ಮಾನ ಮಾಡ್ತಾರೆ ಮಾಮ" ಎಂದೆ. ಅವನು ಪೊರಕೆ ಎತ್ತಿಕೊಂಡು ಹೋದ. ಅವನು ಪೊರಕೆ ಹಿಡಿಯುವುದನ್ನು ನೋಡಲಾಗುವುದಿಲ್ಲ. ಪಂಪಿನ ಪೈಪು ಹಿಡಿದಂತೆ ಎರಡೂ ಕೈಯಿಂದ ಎದೆಗೆ ಅವುಚಿ ಹಿಡಿಯುತ್ತಾನೆ.

ಅವನ ಒಳ್ಳೆಯತನಕ್ಕೂ ನಿನ್ನ ಗೊಣಗಾಟಕ್ಕೂ ನಾನು ಸೋಲುವುದಿಲ್ಲ. ತಡೆ ಅಮ್ಮಾ.

ಹೋರಾಟದ ವಂದನೆಗಳು (ಇಟ್ಟುಕೋ, ತೊಂದರೆಯಿಲ್ಲ),
ನಿನ್ನ ಮಗಳು


ಮಾರ್ಚ್ 22

ಮಗಳೇ,

ಇರುವ ಕೆಲವೇ ಶಿಷ್ಯರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ತಲೆ ನೆರೆತ ಮನುಷ್ಯ. ಕಂಡವರ ಬಾಯಿಗೆ ಕೈ ಹಾಕಲು ಹೆದರದವರು ಕ್ಲಚ್ ಬಿಡಲು ಹೆದರುತ್ತಾರೆ. ಬಿಟ್ಟರೆ ಒಂದೇ ಸಲಕ್ಕೆ ಬಿಡುತ್ತಾರೆ, ಕಾರು ಬಿಕ್ಕಳಿಸಿ ನಿಲ್ಲುತ್ತದೆ. ಇವತ್ತಿನವರೆಗೆ ನಮ್ಮ ಬೀದಿಯ ಮೂಲೆ ದಾಟಿಲ್ಲ. ಅದಕ್ಕೇ ಅವರಿಗೆ ಕಾರನ್ನು ಹೊರಗಿನಿಂದ ನೋಡಲು ಬೇಕಾದಷ್ಟು ಸಮಯ.

"ಮೇಡಂ, ಇದು ಹಲ್ಲಿಗೆ ಕಟ್ಟೋ ಪಾಚಿ ಥರಾನೇ. ಅಂಚಿಂದ ಎಬ್ಬಿಸಬೇಕು" ಎಂದರು. ಮಾರನೆಯ ದಿನ ಜೇಬಿನಿಂದ ಕೊಕ್ಕೆ ತೆಗೆದರು, ಹಲ್ಲು ಕೆರೆಯುವುದು.

"ಡಾಕ್ಟ್ರೇ, ಮುಟ್ಟಬೇಡಿ. ಅದು ಸಾಕ್ಷಿ."

"ಒಂದೇ ಒಂದು ಮೇಡಂ. ನೋವೇ ಆಗಲ್ಲ."

ನಾನು ಬೇಡವೆನ್ನುವಷ್ಟರಲ್ಲಿ ಡಿಕ್ಕಿಯ ಮೇಲಿನ ಒಂದು ಚುಕ್ಕೆ ಟಕ್ಕೆಂದು ಎದ್ದು ಬಂತು, ಜೊತೆಗೆ ಅದರಗಲ ನೀಲಿ ಬಣ್ಣವೂ. ಡಾಕ್ಟರ ಮುಖ ನೋಡಬೇಕಿತ್ತು. ತಪ್ಪು ಹಲ್ಲು ಕಿತ್ತವರ ಹಾಗೆ ನಿಂತಿದ್ದರು.

ಈಗ ಬೀದಿಯಲ್ಲಿ ಎಲ್ಲರೂ ಪಂಡಿತರೇ. ಒಬ್ಬ ಸೀಮೆಎಣ್ಣೆ ಎನ್ನುತ್ತಾನೆ, ಒಬ್ಬಳು ವಿನೆಗರ್ ಎನ್ನುತ್ತಾಳೆ. ನಿನ್ನ ದೊಡ್ಡಮ್ಮ ಪಾತ್ರೆ ಉಜ್ಜುವ ತಂತಿಯ ನಾರು ಹಿಡಿದುಕೊಂಡೇ ಬಂದಿದ್ದಳು, ಬಾಗಿಲಲ್ಲೇ ತಡೆದೆ. "ಮಗಳು ಬೇಡ ಅಂದ್ಲಂತೆ, ಇವಳು ಹಾಗೇ ಇಟ್ಕೊಂಡಿದಾಳಂತೆ. ಮಗಳು ಹೇಳಿದ್ದು ಕೇಳೋ ಅಮ್ಮ ಅಂದ್ರೆ ಇವಳೊಬ್ಬಳೇ" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.

ದಿನಾ ಬೆಳಿಗ್ಗೆ ಕಾರು ಒರೆಸುವಾಗ ಬಟ್ಟೆ ಆ ಚುಕ್ಕೆಗಳಿಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಾಗಲೆಲ್ಲ ನಿನ್ನ ನೆನಪಾಗುತ್ತದೆ. ಒಳ್ಳೆಯ ರೀತಿಯಲ್ಲೇನೂ ಅಲ್ಲ.

ಏಪ್ರಿಲ್ ಮೊದಲ ವಾರ ಎಂದಿದ್ದೀಯ.

ನಿನ್ನ ಅಮ್ಮ


ಏಪ್ರಿಲ್ 12

ಅಮ್ಮಾ,

ಮತ್ತೆ ಮುಂದಕ್ಕೆ. ಈ ಸಲ ಕಾರಣ ಹೇಳುವ ಶ್ರಮವನ್ನೂ ಅವರು ತೆಗೆದುಕೊಂಡಿಲ್ಲ. ನಾನು ಇಲಾಖೆಯ ಕಚೇರಿಗೆ ಹೋಗಿ ಬಾಗಿಲಲ್ಲಿ ನಿಂತೆ. ಗುಮಾಸ್ತೆ ಉಗುರು ನೋಡಿಕೊಳ್ಳುತ್ತಾ "ತಿಳಿಸ್ತೀವಿ ಹೋಗಮ್ಮ" ಎಂದಳು. "ಒಬ್ಬ ಮನುಷ್ಯನ ಬದುಕು ನಿಂತಿದೆ ಇಲ್ಲಿ" ಎಂದೆ. "ನಿಂತಿದ್ರೆ ಎಲ್ಲಿಗೂ ಹೋಗಲ್ವಲ್ಲ, ಮತ್ಯಾಕೆ ಅವಸರ?" ಎಂದಳು. ಇಂಥವರಿಗೆ ಏನು ಹೇಳುವುದು? ನನ್ನ ಕಿರುಹೊತ್ತಿಗೆಗಳಲ್ಲಿ ಮಾಲೀಕರಿಗೆ ಉತ್ತರವಿದೆ, ಗುಮಾಸ್ತೆಯರಿಗಿಲ್ಲ.

ಆ ಡಾಕ್ಟರನ್ನು ಕಾರಿನ ಹತ್ತಿರ ಬಿಡಬೇಡ. ಕ್ಲಚ್ ಕಲಿಸುವುದಿದ್ದರೆ ಜೇಬು ತಡಕಿ ನೋಡಿ ಒಳಗೆ ಕೂರಿಸು. ಸಾಕ್ಷಿಯನ್ನು ಕೊಕ್ಕೆಯಿಂದ ಕೀಳುವುದೆಂದರೇನು! ಬಾನೆಟ್ ಮತ್ತು ಛಾವಣಿಯ ಮೇಲಿರುವುದು ಬಹಳ ಮುಖ್ಯ, ನೆನಪಿರಲಿ.

ಒಂದು ಒಳ್ಳೆಯ ಸುದ್ದಿ. ಅವರಿಗೆ ಭಯ ಹುಟ್ಟಿದೆ. ಮೊನ್ನೆ ಕಂಪನಿಯ ಸೇಫ್ಟಿ ಆಫೀಸರ್ ಶೆಡ್ಡಿಗೆ ಬಂದು ಬಹಳ ನಯವಾಗಿ "ನಿಮ್ಮ ತಾಯಿ ಯಾವ ಕಡೆ ಇರೋದು? ಕಾರು ಈಗ ಹೇಗಿದೆ?" ಎಂದು ವಿಚಾರಿಸಿದ. ಬೀದಿ, ಮನೆಯ ಗುರುತು ಎಲ್ಲ ಹೇಳಿದೆ. "ಯಾವಾಗ ಬೇಕಾದರೂ ಹೋಗಿ ನೋಡಿ, ಒಂದು ಚುಕ್ಕೆಯೂ ಅಳಿಸಿಲ್ಲ" ಎಂದೆ. ನಿಜ ನಮ್ಮ ಕಡೆಯಿರುವಾಗ ಬಚ್ಚಿಡುವುದೇನಿದೆ?

ಹೋರಾಟದ ವಂದನೆಗಳೊಂದಿಗೆ,
ನಿನ್ನ ಮಗಳು


ಮೇ 4

ಮಗಳೇ,

ಬಚ್ಚಿಡುವುದೇನಿದೆ ಎಂದು ಬರೆದಿದ್ದೆಯಲ್ಲ. ಓದು.

ನಿನ್ನೆ ಬೆಳಿಗ್ಗೆ ನಾನು ಡಾಕ್ಟರನ್ನು ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿಸುತ್ತಿದ್ದೆ. ಒಂದೇ ಬಣ್ಣದ ಅಂಗಿ ತೊಟ್ಟ ಇಬ್ಬರು ವ್ಯಾನಿನಿಂದ ಇಳಿದರು. ಬಕೆಟ್ಟು, ಮೆತ್ತನೆಯ ಬಟ್ಟೆ, ಒಂದು ಕ್ಯಾನಿನಲ್ಲಿ ತಿಳಿ ಹಳದಿ ದ್ರಾವಣ. "ಅಮ್ಮಾ, ಕಾರ್ ಕ್ಲೀನ್ ಮಾಡೋಕೆ ಬಂದಿದೀವಿ. ದುಡ್ಡೇನೂ ಬೇಡ" ಎಂದರು. ಯಾರು ಕಳಿಸಿದ್ದು ಎಂದು ಕೇಳುವ ಮೊದಲೇ ಒಬ್ಬ ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ ಛಾವಣಿಯ ಒಂದು ಮೂಲೆಯಲ್ಲಿ ಹಾಸಿಬಿಟ್ಟಿದ್ದ.

ಸುಳ್ಳು ಯಾಕೆ ಹೇಳಲಿ, ನಾನು ಸುಮ್ಮನೆ ನಿಂತು ನೋಡಿದೆ. ಉಜ್ಜಲಿಲ್ಲ, ಕೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಸಿಮೆಂಟು ಹಾಲಿನಲ್ಲಿ ಬಿದ್ದ ಬಿಸ್ಕತ್ತಿನ ಹಾಗೆ ಮೆತ್ತಗಾಯಿತು. ಬಟ್ಟೆ ಎಳೆದರೆ ಅದರ ಜೊತೆಗೇ ಬಂತು. ಅಂಗೈಯಗಲ ಜಾಗ. ಕೆಳಗಿನ ನೀಲಿಯಲ್ಲಿ ನನ್ನ ಮುಖ ಕಂಡಿತು ಕಣೇ. ಎಷ್ಟು ಕಾಲವಾಗಿತ್ತು! ಇಡೀ ಕಾರು ಇವತ್ತೇ ಹೀಗಾಗುತ್ತದೆ, ನಾಳೆಯೇ ಆಚೆ ಬೀದಿಯ ಬಿಳಿ ಕಾರಿನ ಪಕ್ಕ ತಂದು ನಿಲ್ಲಿಸುತ್ತೇನೆ ಎಂದುಕೊಂಡೆ. ನಿನ್ನ ಮಾಮ ನನ್ನ ತಲೆಯಲ್ಲಿ ಎಲ್ಲೂ ಇರಲಿಲ್ಲ.

ಆಮೇಲೆ ಕೇಳಿದೆ. "ಯಾರಪ್ಪ ಕಳಿಸಿದ್ದು ನಿಮ್ಮನ್ನ?"

"ನಿಮ್ಮ ಮಗಳೇ ಅಮ್ಮಾ. ‘ನಮ್ಮಮ್ಮನಿಗೆ ಪಾಪ ತುಂಬಾ ಕಷ್ಟ ಆಗ್ತಿದೆ, ಬೇಗ ಹೋಗಿ’ ಅಂದ್ರು."

ಆಗ ನನಗೆ ಗೊತ್ತಾಯಿತು, ಇವರನ್ನು ಕಳಿಸಿದ್ದು ನೀನಲ್ಲವೆಂದು. ‘ನಮ್ಮಮ್ಮ ಪಾಪ, ಬೇಗ ಹೋಗಿ’ ಎಂದು ನೀನು ಯಾರ ಬಳಿಯೂ ಹೇಳುವವಳಲ್ಲ.

ಅವರು ಬಾನೆಟ್ಟಿಗೆ ಬಟ್ಟೆ ಹಾಸಲು ಬಂದರು. ಬೇಡ ಎಂದರೆ ಕೇಳುವ ಹಾಗಿರಲಿಲ್ಲ. "ಸಾಹೇಬರು ಬೈತಾರಮ್ಮ, ಪೂರ್ತಿ ಮಾಡ್ಕೊಂಡೇ ಬರಬೇಕು" ಎಂದು ಬಾಯಿ ತಪ್ಪಿ ಹೇಳಿಯೂಬಿಟ್ಟರು. ನಾನು ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ.

"ಡಾಕ್ಟ್ರೇ, ಹೊರಡಿ."

"ಎಲ್ಲಿಗೆ ಮೇಡಂ?"

"ಎಲ್ಲಿಗಾದ್ರೂ. ಮೊದಲು ಹೊರಡಿ!"

ದೇವರಾಣೆ ಮಗಳೇ, ಆ ಮನುಷ್ಯ ಕ್ಲಚ್ಚನ್ನು ಬೆಣ್ಣೆಯ ಹಾಗೆ ಬಿಟ್ಟರು. ಮೂಲೆ ದಾಟಿತು. ಮುಖ್ಯ ರಸ್ತೆ ದಾಟಿತು. ಹಿಂದೆ ಇಬ್ಬರೂ ಬಕೆಟ್ಟು ಹಿಡಿದು ಸ್ವಲ್ಪ ದೂರ ಓಡಿಬಂದರು. "ಬಂದ್ರಾ ಮೇಡಂ? ಬಂದ್ರಾ?" ಎಂದು ಡಾಕ್ಟರು ಕನ್ನಡಿ ನೋಡದೆ ನನ್ನನ್ನೇ ಕೇಳುತ್ತಿದ್ದರು. ಅವರ ಆಸ್ಪತ್ರೆಯ ಶೆಡ್ಡಿನಲ್ಲಿ ಕಾರು ನಿಲ್ಲಿಸಿದ್ದೇನೆ. ಛಾವಣಿಯ ಒಂದು ಮೂಲೆ ಹೋಯಿತು, ಉಳಿದದ್ದು ಇದೆ.

ಇನ್ನು ಮುಂದೆ ಯಾರಾದರೂ ನಯವಾಗಿ ಮಾತಾಡಿದರೆ ಮನೆಯ ದಾರಿ ಹೇಳಬೇಡ.

ನಿನ್ನ ಅಮ್ಮ


ಮೇ 10

ಅಮ್ಮಾ,

ನಿನ್ನ ಪತ್ರ ಬಂತು. ಉತ್ತರ ಬರೆದೆ, ಹರಿದೆ. ಮತ್ತೆ ಬರೆದೆ. ಅದನ್ನೂ ಹರಿದೆ.

ವಿಚಾರಣೆ ಜೂನ್ 5. ಈ ಸಲ ಖಚಿತ. ಸೈಟಿನಲ್ಲೇ.

ಬರಲಾಗದಿದ್ದರೆ ಬರಬೇಡ. ತೊಳೆಸಿಕೊಳ್ಳಬೇಕೆನಿಸಿದರೆ ತೊಳೆಸಿಕೋ. ಮಾಮ ಇವತ್ತೂ ಅದನ್ನೇ ಹೇಳಿದ. ನಾನು ಎದುರು ಮಾತಾಡಲಿಲ್ಲ.

ನಿನ್ನ ಮಗಳು


ಜೂನ್ 8

ಅಮ್ಮಾ,

ಅಧಿಕಾರಿ ಕೆರೆದು ಮುಗಿಸಿದ್ದೇ ತಡ ನೀನು ಗಾಡಿ ತಿರುಗಿಸಿಕೊಂಡು ಹೊರಟುಬಿಟ್ಟೆ. ಇನ್ನೊಬ್ಬರಿಗೆ ಪಾಠವಿದೆ ಎಂದೆ. ಆಮೇಲೆ ಏನಾಯಿತೆಂದು ಕೇಳಬೇಡವೇ?

ಮೊದಲು ನನ್ನ ಸಿಟ್ಟು. ನಿನಗಾಗಿ ನಾನು ಒಂದು ಹೇಳಿಕೆ ಬರೆದುಕೊಟ್ಟಿದ್ದೆ. ಎಲ್ಲ ಅದರಲ್ಲಿತ್ತು. ಮನುಷ್ಯನಿಗಿಂತ ಕಾರಿಗೆ ಹೆಚ್ಚು ಬೆಲೆ ಬಂದದ್ದು ಹೇಗೆ, ಒಬ್ಬ ತಾಯಿ ತನ್ನ ಜೀವನೋಪಾಯವನ್ನೇ ಸಾಕ್ಷಿಯಾಗಿ ಕಾಯ್ದದ್ದು ಯಾಕೆ, ಎಲ್ಲ. ನೀನು ಅದನ್ನು ಮಡಚಿ ಸೀಟಿನ ಸಂದಿಗೆ ಸಿಕ್ಕಿಸಿದೆ. ಅಧಿಕಾರಿ ಅಷ್ಟು ಒಳ್ಳೆಯ ಪ್ರಶ್ನೆ ಕೇಳಿದರು: "ಇಷ್ಟು ತಿಂಗಳು ಇದನ್ನ ತೆಗೆಸದೆ ಯಾಕಮ್ಮಾ ಬಿಟ್ರಿ?" ನಾವೆಲ್ಲ ನಿನ್ನ ಬಾಯನ್ನೇ ನೋಡುತ್ತಿದ್ದೆವು. ನೀನು ಹೇಳಿದ್ದು: "ಪುರುಸೊತ್ತಾಗಲಿಲ್ಲ ಸರ್."

ಪುರುಸೊತ್ತಾಗಲಿಲ್ಲ!

ಸರಿ. ನೀನು ಹೋದ ಮೇಲೆ ಅಧಿಕಾರಿ ಕೆರೆದ ಪುಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸೇಫ್ಟಿ ಆಫೀಸರನ್ನು ಕೇಳಿದರು, "ಹಕ್ಕಿ ಎಲ್ಲಿಂದ ಬಂತ್ರೀ?" ಅವನು ಬೂಟು ನೋಡಿಕೊಂಡ. ಬಾಗಿಲುಗಳ ಮೇಲೆ ಏನೂ ಇಲ್ಲದ್ದನ್ನು ಅವರೇ ಬರೆಸಿದರು. ಛಾವಣಿಯ ಒಂದು ಮೂಲೆ ಮಾತ್ರ ಯಾಕೆ ಹೊಳೆಯುತ್ತಿತ್ತು ಎಂದೂ ಕೇಳಿದರು. ಕಂಪನಿಯವರು ತೊಳೆಯಲು ಬಂದಿದ್ದರು ಎಂದು ನಾನು ಹೇಳಿದೆ. ಅದನ್ನೂ ಬರೆಸಿದರು. ಅವರು ಅಳಿಸಲು ಬಂದ ಜಾಗವೇ ಹೆಚ್ಚು ಮಾತಾಡಿತು.

ನಿನ್ನೆ ತೀರ್ಪು ಬಂತು. ಮಾಮನ ತಪ್ಪಿಲ್ಲ. ಅವನು ಇವತ್ತಿನಿಂದ ಮತ್ತೆ ಪಂಪಿನ ಮೇಲೆ. ಬುಟ್ಟಿಯೂ ಬಂದಿದೆ, ಹೊಸದು. ಕಂಪನಿಗೆ ಶಿಕ್ಷೆಯೇನೂ ಇಲ್ಲ, "ಸೂಕ್ತ ಸಲಹೆ ನೀಡಲಾಗಿದೆ." ಸಲಹೆ! ಅದರ ಬಗ್ಗೆ ನಾನು ಬೇರೆಯೇ ಒಂದು ಕಿರುಹೊತ್ತಿಗೆ ಬರೆಯುತ್ತೇನೆ.

ಇದರ ಜೊತೆ ಒಂದು ಬಾಟಲಿ ಕಳಿಸಿದ್ದೇನೆ. ಮಾಮ ಹುಡುಕಿ ತಂದದ್ದು, ಆ ಇಬ್ಬರ ಬಳಿಯಿದ್ದಂಥದೇ. ಕಾರನ್ನು ನೆರಳಿನಲ್ಲಿ ನಿಲ್ಲಿಸು. ಬಟ್ಟೆ ಅದ್ದಿ ಹಾಸು, ಒಣಗಲು ಬಿಡಬೇಡ. ಉಜ್ಜಬೇಡ. ಮೆತ್ತಗಾದ ಮೇಲೆ ಎತ್ತು, ಆಮೇಲೆ ಧಾರಾಳ ನೀರು. ಕೈಗೆ ಗ್ಲೌಸು ಹಾಕಿಕೋ.

ನಾನು ಬಂದು ಮಾಡಿಕೊಡಲೇ ಎಂದು ಅವತ್ತು ಗೇಟಿನಲ್ಲಿ ಕೇಳಬೇಕೆಂದಿದ್ದೆ. ನೀನು ಆಗಲೇ ಗೇರು ಹಾಕಿದ್ದೆ.

ನಿನ್ನ ಮಗಳು


ಜೂನ್ 25

ಮಗಳೇ,

ನೀನು ಬರೆದ ಹಾಗೆಯೇ ಮಾಡಿದೆ. ಒಂದು ಸಲ ಉಜ್ಜಿದೆ, ಅದು ಸಿಟ್ಟಿಗೆ. ಸಿಮೆಂಟು ಪೂರ್ತಿ ಹೋಯಿತು. ಗುರುತು ಹೋಗಲಿಲ್ಲ. ಪ್ರತಿಯೊಂದು ಚುಕ್ಕೆಯ ಜಾಗದಲ್ಲೂ ಮಂಕಾದ ಒಂದು ಉಂಗುರ ಉಳಿದಿದೆ, ಬಾನೆಟ್ಟಿನ ತುಂಬ, ಛಾವಣಿಯ ತುಂಬ. ಆ ಇಬ್ಬರು ತೊಳೆದ ಅಂಗೈಯಗಲ ಮೂಲೆಯೊಂದು ಮಾತ್ರ ಕನ್ನಡಿಯಂತಿದೆ. ಅದನ್ನು ನೋಡಿದರೆ ಇನ್ನೂ ಸಿಟ್ಟು ಬರುತ್ತದೆ. ಗ್ಯಾರೇಜಿನವನು ಪಾಲಿಶ್ ಹಚ್ಚಿ ನೋಡಿದ, ತಲೆಯಾಡಿಸಿದ. "ಒಳಗೆ ಇಳಿದುಬಿಟ್ಟಿದೆ ಅಕ್ಕಾ. ಪೂರ್ತಿ ಬಣ್ಣ ಕಿತ್ತು ಹೊಡೀಬೇಕು" ಎಂದ. ಸದ್ಯಕ್ಕೆ ಬೇಡ ಎಂದೆ.

ಮಾಮನಿಗೆ ಕೆಲಸ ಉಳಿದದ್ದು ಸಂತೋಷ ಎಂದು ಹೇಳು. ಉಂಗುರಗಳ ಸುದ್ದಿ ಹೇಳಬೇಡ. ಅವತ್ತು ಸೈಟಿನಲ್ಲಿ ಕಾರಿನ ಕಿಟಕಿಗೆ ಬಾಗಿ ಕ್ಷಮೆ ಕೇಳಿ ಕೇಳಿ ನನಗೆ ತಲೆನೋವು ಬರಿಸಿದ್ದ. ನಿನಗೆ ಯಾವ ಭಾನುವಾರ ರಜೆ ಸಿಗುತ್ತದೋ ಬಾ. ತೊಳೆಯಲು ಏನೂ ಉಳಿದಿಲ್ಲ, ಸುಮ್ಮನೆ ಬಾ. ಬರುವಾಗ ಭಾಷಣ ತರಬೇಡ.

ನಿನ್ನೆ ಡಾಕ್ಟರ ಡ್ರೈವಿಂಗ್ ಪರೀಕ್ಷೆಯಿತ್ತು. ಪಾಸಾದರು, ಆದರೆ ಅದಕ್ಕೆ ಮೊದಲು ಪರೀಕ್ಷಕ ಕಾರಿನ ಸುತ್ತ ಒಂದು ಸುತ್ತು ಬಂದು ಬಾನೆಟ್ಟಿನ ಮುಂದೆ ನಿಂತುಬಿಟ್ಟ. ಬಗ್ಗಿ ಒಂದು ಉಂಗುರವನ್ನು ಉಗುರಿನಿಂದ ಗೀರಿ ನೋಡಿದ.

"ಏನ್ರೀ ಇದು, ಕಾರಿಗೆ ಸಿಡುಬು ಎದ್ದ ಹಾಗಿದೆ. ಯಾರ್ರೀ ಹೀಗ್ ಮಾಡಿದ್ದು?"

"ನನ್ನ ಮಗಳು" ಎಂದೆ.

ಅಯ್ಯೋ ಪಾಪ ಎನ್ನುವ ಹಾಗೆ ನನ್ನ ಮುಖ ನೋಡಿದ. ನಾನು ತಿದ್ದಲು ಹೋಗಲಿಲ್ಲ.

ನಿನ್ನ ಅಮ್ಮ